ಉಗ್ಗು ಮನೆತನದಲ್ಲಿ ಬರುತ್ತದೆಯೇ?

ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ‘ಹಕ್ಲಾನಾ’ ಎನ್ನುತ್ತಾರೆ. ಕನ್ನಡದಲ್ಲಿ ತೊದಲು, ಉಗ್ಗು ಎಂಬ ಎರಡು ಪದಗಳಿವೆ. ಪುಟ್ಟ ಮಗು ತೊದಲಿದರೆ ಎಲ್ಲರಿಗೂ ಮುದ್ದು, ಅದೇ ಮಗು ಉಗ್ಗಿದರೆ ಎಲ್ಲರಿಗೂ ಚಿಂತೆ. ಹಾಗಾಗಿ ಈ ಲೇಖನದಲ್ಲಿ ಉಗ್ಗು ಎಂಬ ಪದವನ್ನೇ ಬಳಸುತ್ತೇನೆ. ಹೇಳಬೇಕಾದ ಮಾತು ತಲೆಯಲ್ಲಿ ಸಿದ್ಧವಾಗಿರುತ್ತದೆ. ಬಾಯಿಂದ ಹೊರಡುವಾಗ ಮಾತ್ರ ಮೊದಲ ಅಕ್ಷರ ‘ಕ-ಕ-ಕ’ ಎಂದು ಮತ್ತೆ ಮತ್ತೆ ಬರುತ್ತದೆ, ಇಲ್ಲವೇ ‘ಸ್ಸ್ಸ್’ ಎಂದು ಎಳೆಯುತ್ತದೆ, ಇಲ್ಲವೇ ಗಂಟಲಲ್ಲೇ ಸಿಕ್ಕಿಕೊಂಡು ಧ್ವನಿಯೇ ಬರುವುದಿಲ್ಲ. ಇದೇ ಉಗ್ಗು. ಉಗ್ಗುವವರಿಗೆ ಪದ ಗೊತ್ತಿಲ್ಲವೆಂದಲ್ಲ, ಬುದ್ಧಿ ಕಡಿಮೆ ಎಂದಂತೂ ಅಲ್ಲವೇ ಅಲ್ಲ.

ಈ ವಿಷಯ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ದಾದಾ ಉಗ್ಗುತ್ತಿದ್ದರಂತೆ. ಚಾಚಾ ಈಗಲೂ ಉಗ್ಗುತ್ತಾರೆ. ಕಳೆದ ವರ್ಷ ಚಾಚಾನ ನಾಲ್ಕು ವರ್ಷದ ಮಗನಿಗೂ ಶುರುವಾಯಿತು. ಆಗ ನಮ್ಮ ಮನೆ ಕೋರ್ಟಿನಂತಾಯಿತು. ಚಾಚಿ ಮಗುವನ್ನು ಗದರಿಸಿದ್ದರಿಂದಲೇ ಹೀಗಾಯಿತು ಎಂದು ದಾದಿ ಹೇಳಿದರು. (ಕನ್ನಡದ ಗೆಳೆಯರೇ, ದಾದಿ ಎಂದರೆ ಇಲ್ಲಿ ನರ್ಸ್ ಅಲ್ಲ, ಅಬ್ಬಾನ ಅಮ್ಮ!) ಅಪ್ಪನನ್ನು ನೋಡಿ ನಕಲು ಮಾಡುತ್ತಿದ್ದಾನೆ ಎಂದು ಚಾಚಿಯ ತಾಯಿ. ಯಾರೋ ಜಾಸ್ತಿ ಕಚಗುಳಿ ಇಟ್ಟಿರಬೇಕು ಎಂದು ಪಕ್ಕದ ಮನೆಯವರು. ಬಜೆ ಬೇರು ತೇಯ್ದು ನಾಲಗೆಗೆ ಹಚ್ಚಿ ಎಂದು ಇನ್ನೊಬ್ಬರು. ಚಾಚಿ ಅಡುಗೆಮನೆಯಲ್ಲಿ ಅತ್ತರು. ಚಾಚಾ ಯಾರಿಗೂ ಉತ್ತರ ಕೊಡಲಿಲ್ಲ, ಆದರೆ ಮಗನ ಎದುರು ಮಾತಾಡುವುದನ್ನೇ ಕಡಿಮೆ ಮಾಡಿದರು. ರಾತ್ರಿ ಮಗನಿಗೆ ಕಥೆ ಹೇಳಿ ಮಲಗಿಸುತ್ತಿದ್ದವರು ಮೊಬೈಲ್ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಮಲಗತೊಡಗಿದರು. ತನ್ನ ಮಾತು ಮಗನಿಗೆ ಅಂಟುತ್ತದೆ ಎಂಬ ಭಯ ಅವರಿಗೆ.

ನಾನು ಕಾಮರ್ಸ್ ವಿದ್ಯಾರ್ಥಿ. ಜೀವಶಾಸ್ತ್ರಕ್ಕೂ ನನಗೂ ಇದ್ದ ಸಂಬಂಧ ಎಸ್‌ಎಸ್‌ಎಲ್‌ಸಿಗೇ ಮುಗಿಯಿತು. ಆದರೂ ನಮ್ಮ ಮನೆಯ ಈ ಕೇಸಿನಲ್ಲಿ ನಿಜವಾದ ಆರೋಪಿ ಯಾರು ಎಂದು ತಿಳಿಯಬೇಕೆನಿಸಿ ಓದತೊಡಗಿದೆ. ಓದಿ ಅರ್ಥಮಾಡಿಕೊಂಡದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ನೂರು ಮಕ್ಕಳಲ್ಲಿ ಕನಿಷ್ಠ ಐದು ಮಕ್ಕಳು ಯಾವುದಾದರೂ ಒಂದು ಹಂತದಲ್ಲಿ ಉಗ್ಗುತ್ತಾರೆ. ಸಾಮಾನ್ಯವಾಗಿ ಇದು ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ, ಅಂದರೆ ಮಗು ಬಿಡಿ ಪದ ಬಿಟ್ಟು ವಾಕ್ಯ ಕಟ್ಟಲು ಕಲಿಯುವ ಕಾಲದಲ್ಲಿ. ನಾಲ್ವರಲ್ಲಿ ಮೂವರಿಗೆ ಅದು ತಾನಾಗಿಯೇ ಹೋಗಿಬಿಡುತ್ತದೆ. ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಸುಮಾರು ಒಬ್ಬರಿಗೆ. ಚಿಕ್ಕ ಮಕ್ಕಳಲ್ಲಿ ಹುಡುಗರ ಸಂಖ್ಯೆ ಹುಡುಗಿಯರಿಗಿಂತ ಸ್ವಲ್ಪ ಹೆಚ್ಚು. ದೊಡ್ಡವರಾಗುವ ಹೊತ್ತಿಗೆ ಒಬ್ಬ ಹೆಂಗಸಿಗೆ ನಾಲ್ವರು ಗಂಡಸರು ಎಂಬಷ್ಟು ವ್ಯತ್ಯಾಸವಾಗುತ್ತದೆ, ಏಕೆಂದರೆ ಹುಡುಗಿಯರು ಹೆಚ್ಚಾಗಿ ಚೇತರಿಸಿಕೊಳ್ಳುತ್ತಾರೆ. ಬಜೆ ಬೇರು, ಊದಿಸಿದ ನೀರು, ಪಕ್ಕದ ಮನೆಯ ಸಲಹೆ ಎಲ್ಲಕ್ಕೂ ಒಳ್ಳೆಯ ಹೆಸರು ಬಂದಿರುವುದು ಇದರಿಂದಲೇ ಇರಬಹುದು. ಏನೂ ಮಾಡದಿದ್ದರೂ ನಾಲ್ವರಲ್ಲಿ ಮೂವರು ಸರಿಹೋಗುತ್ತಾರೆ ಎಂದ ಮೇಲೆ, ಏನು ಮಾಡಿದರೂ ನಾಲ್ವರಲ್ಲಿ ಮೂವರ ಮನೆಯಲ್ಲಿ ‘ಗುಣವಾಯಿತು’ ಎನ್ನಬಹುದು.

ಈಗ ಮುಖ್ಯ ಪ್ರಶ್ನೆ. ಉಗ್ಗು ಮನೆತನದಲ್ಲಿ ಬರುತ್ತದೆಯೇ? ಹೌದು, ಬರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕೆನ್ನೆತ್ ಕಿಡ್ ಎಂಬ ತಳಿವಿಜ್ಞಾನಿ ಮತ್ತು ಅವರ ಜೊತೆಗಾರರು ಉಗ್ಗುವವರ ನೂರಾರು ಕುಟುಂಬಗಳ ಲೆಕ್ಕ ತೆಗೆದರು. ತಂದೆ ಉಗ್ಗುವವರಾಗಿದ್ದರೆ ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು 22 ಮಂದಿ, ಹೆಣ್ಣುಮಕ್ಕಳಲ್ಲಿ 9 ಮಂದಿ ಒಂದಲ್ಲ ಒಂದು ಕಾಲದಲ್ಲಿ ಉಗ್ಗಿದ್ದರು. ತಾಯಿ ಉಗ್ಗುವವರಾಗಿದ್ದರೆ ಗಂಡುಮಕ್ಕಳಲ್ಲಿ 36, ಹೆಣ್ಣುಮಕ್ಕಳಲ್ಲಿ 17. ಬೇರೆ ಮಕ್ಕಳಲ್ಲಿ ಐದರಷ್ಟಿರುವುದು ಇಲ್ಲಿ ಎಷ್ಟು ಪಟ್ಟಾಯಿತು ನೋಡಿ. ಉಗ್ಗುವ ತಾಯಿಯ ಮಕ್ಕಳಲ್ಲಿ ಯಾಕೆ ಹೆಚ್ಚು ಎಂಬುದಕ್ಕೆ ಅವರು ಕೊಡುವ ವಿವರಣೆ ನನಗೆ ಬಹಳ ಹಿಡಿಸಿತು. ಹೆಣ್ಣಿನಲ್ಲಿ ಉಗ್ಗು ಕಾಣಿಸಿಕೊಳ್ಳಬೇಕಾದರೆ ವಂಶದ ಹೊರೆ ಜಾಸ್ತಿಯೇ ಇರಬೇಕು. ಆ ಜಾಸ್ತಿ ಹೊರೆ ಮಕ್ಕಳಿಗೂ ಹಂಚಿಕೆಯಾಗುತ್ತದೆ.

ಆದರೆ ಅದೇ ಅಂಕಿಯನ್ನು ತಿರುಗಿಸಿ ಓದಬೇಕು. ಉಗ್ಗುವ ತಂದೆಯ ನೂರು ಗಂಡುಮಕ್ಕಳಲ್ಲಿ 78 ಮಂದಿ ಉಗ್ಗಲೇ ಇಲ್ಲ. ಸಂಬಂಧ ನೋಡುವಾಗ ‘ಆ ಮನೆಯಲ್ಲಿ ಒಬ್ಬ ಹಕ್ಲಾ ಇದ್ದಾನಂತೆ’ ಎಂದು ಪಿಸುಗುಟ್ಟುವವರು ಈ 78ನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಒಂದು ಒಳ್ಳೆಯ ಆಕ್ಷೇಪವಿದೆ. ಒಂದೇ ಮನೆಯಲ್ಲಿ ಕಾಣಿಸಿತು ಎಂದ ಮಾತ್ರಕ್ಕೆ ರಕ್ತದಲ್ಲಿ ಬಂತು ಎನ್ನಬಹುದೇ? ಉರ್ದು ಕೂಡ ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಬಂದಿದೆ, ಬಿರಿಯಾನಿ ಮಾಡುವ ರೀತಿಯೂ ಬಂದಿದೆ. ಅವೆರಡೂ ಕೇಳಿ, ನೋಡಿ ಕಲಿತದ್ದು. ಚಾಚಿಯ ತಾಯಿ ಹೇಳಿದಂತೆ ಉಗ್ಗೂ ಹಾಗೆಯೇ ಇರಬಾರದೇಕೆ? ಇದನ್ನು ಬಿಡಿಸಲು ವಿಜ್ಞಾನಿಗಳು ಅವಳಿಜವಳಿ ಮಕ್ಕಳ ಮೊರೆ ಹೋದರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಎರಡು ಅಂಡದಿಂದ ಹುಟ್ಟಿದ ಅವಳಿಗಳು ಬೇರೆ ಅಣ್ಣತಮ್ಮಂದಿರಂತೆ ಅರ್ಧದಷ್ಟು ಮಾತ್ರ ಹಂಚಿಕೊಂಡಿರುತ್ತಾರೆ. ಇಬ್ಬರಿಗೂ ಅದೇ ಮನೆ, ಅದೇ ಅಪ್ಪ ಅಮ್ಮ, ಅದೇ ಗದರಿಕೆ. ನಕಲಿನಿಂದ ಅಥವಾ ಗದರಿಕೆಯಿಂದ ಉಗ್ಗು ಬರುವುದಾದರೆ ಎರಡೂ ಬಗೆಯ ಅವಳಿಗಳಲ್ಲಿ ಸಮನಾಗಿ ಬರಬೇಕು. ಹಾಗಾಗಲಿಲ್ಲ. 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಅಂಡದ ಜೋಡಿಗಳಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಜೋಡಿಗಳಲ್ಲಿ ಇಬ್ಬರೂ ಉಗ್ಗುತ್ತಿದ್ದರು. ಎರಡು ಅಂಡದ ಜೋಡಿಗಳಲ್ಲಿ 20ಕ್ಕಿಂತ ಕಡಿಮೆ. ಆಮೇಲೆ ಬಂದ ದೊಡ್ಡ ಅಧ್ಯಯನಗಳೂ ಅದೇ ದಿಕ್ಕನ್ನು ತೋರಿಸಿವೆ.

ಹಾಗೆಂದು ಎಲ್ಲವೂ ಜೀನ್ ಅಲ್ಲ. ಜೀನ್ ಒಂದೇ ಇದ್ದರೂ ಒಬ್ಬ ಉಗ್ಗಿ ಇನ್ನೊಬ್ಬ ಉಗ್ಗದ ಅವಳಿಗಳೂ ಇದ್ದಾರಲ್ಲ. ವಂಶದಿಂದ ಬರುವುದು ಉಗ್ಗಲ್ಲ, ಉಗ್ಗಿನ ಕಡೆಗೆ ವಾಲುವ ಗುಣ.

ಆ ಗುಣ ಎಲ್ಲಿದೆ ಎಂದು ಹುಡುಕಿದ ಕಥೆ ನಮ್ಮ ಉಪಖಂಡಕ್ಕೇ ಸೇರಿದ್ದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೆನ್ನಿಸ್ ಡ್ರೇನಾ ಎಂಬ ವಿಜ್ಞಾನಿ ಲಾಹೋರಿನ ಸಂಶೋಧಕರ ಜೊತೆ ಸೇರಿ, ಪಾಕಿಸ್ತಾನದಲ್ಲಿ ಹಲವು ಮಂದಿ ಉಗ್ಗುವವರಿದ್ದ ಕುಟುಂಬಗಳನ್ನು ಹುಡುಕಿದರು. ಪಾಕಿಸ್ತಾನವೇ ಯಾಕೆ? ಅಲ್ಲಿ ಚಾಚಾನ ಮಕ್ಕಳು, ಮಾಮುವಿನ ಮಕ್ಕಳ ನಡುವೆ ತಲೆಮಾರುಗಳಿಂದ ಮದುವೆ ನಡೆದುಬಂದಿದೆ. ಅಂಥ ಕುಟುಂಬಗಳಲ್ಲಿ ಒಂದೇ ಜೀನಿನ ಒಂದೇ ಪ್ರತಿ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ಅದರ ಜಾಡು ಹಿಡಿಯುವುದು ಸುಲಭ. 2005ರಲ್ಲಿ ಅವರು 12ನೇ ಕ್ರೋಮೋಸೋಮಿನ ಒಂದು ಭಾಗಕ್ಕೆ ಬಂದು ನಿಂತರು. 2010ರಲ್ಲಿ ಜಿಎನ್‌ಪಿಟಿಎಬಿ ಎಂಬ ಜೀನ್ ಸಿಕ್ಕಿತು, ಅದರ ಹಿಂದೆಯೇ ಇನ್ನೆರಡು. ನಂತರ ಆಫ್ರಿಕಾದ ಕ್ಯಾಮರೂನ್ ದೇಶದ ಒಂದು ದೊಡ್ಡ ಕುಟುಂಬದಿಂದ ನಾಲ್ಕನೆಯದು.

ನಮ್ಮ ಕಡೆಯೂ ಮುಸ್ಲಿಮರಲ್ಲಿ ಚಾಚಾನ ಮಕ್ಕಳ ನಡುವೆ, ಹಿಂದೂಗಳಲ್ಲಿ ಸೋದರಮಾವ ಹಾಗೂ ಅತ್ತೆಯ ಮಕ್ಕಳ ಜೊತೆ ಮದುವೆಗಳು ಇವೆ. ಅದಕ್ಕೇ ಉಗ್ಗು ಬರುತ್ತದೆ ಎಂದು ಯಾರೂ ತೀರ್ಮಾನಿಸಬೇಡಿ. ಸಂಬಂಧದಲ್ಲಿ ಮದುವೆಯೇ ಆಗದ ಸಮಾಜಗಳಲ್ಲೂ ಉಗ್ಗುವವರು ನೂರಕ್ಕೆ ಒಬ್ಬರಷ್ಟು ಇದ್ದಾರೆ. ಆ ಮದುವೆಗಳಿಂದ ಸುಲಭವಾದದ್ದು ವಿಜ್ಞಾನಿಗಳ ಹುಡುಕಾಟ.

ಈ ಜೀನ್‌ಗಳ ಕೆಲಸ ಕೇಳಿದರೆ ಆಶ್ಚರ್ಯವಾಗುತ್ತದೆ. ಅವಕ್ಕೂ ನಾಲಗೆಗೂ ಗಂಟಲಿಗೂ ನೇರ ಸಂಬಂಧವಿಲ್ಲ. ನಮ್ಮ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಲೈಸೋಸೋಮ್ ಎಂಬ ಕಸ ವಿಲೇವಾರಿ ಘಟಕವಿದೆ. ಹಳೆಯ, ಹಾಳಾದ ವಸ್ತುಗಳನ್ನು ಅಲ್ಲಿ ಕಿಣ್ವಗಳು ಒಡೆದು ಮತ್ತೆ ಬಳಕೆಗೆ ಬರುವಂತೆ ಮಾಡುತ್ತವೆ. ಕಿಣ್ವಗಳು ತಯಾರಾಗುವುದು ಜೀವಕೋಶದಲ್ಲಿ ಬೇರೆ ಕಡೆ. ಅವು ಸರಿಯಾದ ಜಾಗಕ್ಕೆ ತಲುಪಬೇಕಾದರೆ, ಪಾರ್ಸೆಲ್ ಮೇಲೆ ಪಿನ್‌ಕೋಡ್ ಬರೆಯುವ ಹಾಗೆ, ಅವುಗಳ ಮೇಲೆ ಒಂದು ಗುರುತು ಹಾಕಬೇಕು. 2010ರಲ್ಲಿ ಸಿಕ್ಕ ಮೂರು ಜೀನ್‌ಗಳೂ ಆ ಪಿನ್‌ಕೋಡ್ ಬರೆಯುವ ಕೆಲಸಕ್ಕೆ ಸೇರಿದವು. ಬರವಣಿಗೆಯಲ್ಲಿ ಸಣ್ಣ ವ್ಯತ್ಯಾಸ ಬಂದರೆ ಮಿದುಳಿನ ಕೆಲವು ಕೋಶಗಳ ಮೇಲೆ ಪರಿಣಾಮ ಬೀರುತ್ತದೆ ಎಂಬುದು ಅವರ ಊಹೆ. ಇದೇ ಬದಲಾವಣೆಯನ್ನು ಇಲಿಗಳಿಗೆ ಕೊಟ್ಟು ನೋಡಿದರು. ಇಲಿಮರಿಗಳು ತಾಯಿಯಿಂದ ದೂರವಾದಾಗ ನಮ್ಮ ಕಿವಿಗೆ ಕೇಳದಷ್ಟು ಕೀರಲು ದನಿಯಲ್ಲಿ ಕೂಗುತ್ತವೆ. ಬದಲಾವಣೆ ಇದ್ದ ಮರಿಗಳ ಕೂಗಿನ ನಡುವೆ ಹೆಚ್ಚು ಉದ್ದದ ನಿಲುಗಡೆಗಳಿದ್ದವು. ಮಿಕ್ಕಂತೆ ಅವು ಓಡಾಟದಲ್ಲಿ, ಕಲಿಯುವುದರಲ್ಲಿ ಚೆನ್ನಾಗಿಯೇ ಇದ್ದವು. ಇಲಿಮರಿಯನ್ನು ಯಾವ ಚಾಚಿಯೂ ಗದರಿಸಿರಲಿಲ್ಲ!

ಈ ನಾಲ್ಕು ಜೀನ್‌ಗಳಿಂದ ವಿವರಿಸಬಹುದಾದವರು ಉಗ್ಗುವವರಲ್ಲಿ ಕಡಿಮೆ ಮಂದಿ. 2025ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ಹೋಲಿಸಿದರು; ಅವರಲ್ಲಿ ಸುಮಾರು ಒಂದು ಲಕ್ಷ ಮಂದಿ ತಾವು ಉಗ್ಗುತ್ತೇವೆ ಅಥವಾ ಹಿಂದೆ ಉಗ್ಗುತ್ತಿದ್ದೆವು ಎಂದವರು. ಉಗ್ಗಿಗೆ ಸಂಬಂಧಿಸಿದ 57 ಜಾಗಗಳು ಸಿಕ್ಕವು. ಅಂದರೆ ಒಂದು ಜೀನ್, ಒಂದು ಉಗ್ಗು ಎಂಬ ಲೆಕ್ಕ ಸಾಮಾನ್ಯವಾಗಿ ನಡೆಯುವುದಿಲ್ಲ. ಚಿಲ್ಲರೆ ಚಿಲ್ಲರೆಯಾಗಿ ಸೇರಿ ದೊಡ್ಡ ಮೊತ್ತವಾಗುತ್ತದೆ. ಗಂಡಸರಲ್ಲಿ ಎದ್ದು ಕಂಡ ಒಂದು ಜೀನ್, ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುವ ಸಾಮರ್ಥ್ಯಕ್ಕೂ ಸಂಬಂಧಿಸಿದ್ದು ಎಂದು ಮೊದಲೇ ಗೊತ್ತಿತ್ತು.

ತಾಳದ ಈ ಮಾತು ಓದಿದಾಗ ನನಗೆ ಚಾಚಾ ನೆನಪಾದರು. ಅಂಗಡಿಯಲ್ಲಿ ಒಂದು ಪದಾರ್ಥ ಕೇಳಲು ಒದ್ದಾಡುವ ಅವರು ಕುರ್‌ಆನ್ ಓದಲು ಕುಳಿತರೆ ಒಂದು ಕಡೆಯೂ ತಡವರಿಸುವುದಿಲ್ಲ. ನಾತ್ ಹಾಡುವಾಗಲೂ ಅಷ್ಟೇ. ಇದು ಅವರೊಬ್ಬರ ವಿಶೇಷವಲ್ಲ. ಉಗ್ಗುವವರಲ್ಲಿ ಹೆಚ್ಚಿನವರು ಹಾಡುವಾಗ, ಲಯಬದ್ಧವಾಗಿ ಪಠಿಸುವಾಗ, ಹತ್ತು ಜನರ ಜೊತೆ ಒಂದೇ ದನಿಯಲ್ಲಿ ಓದುವಾಗ ಸರಾಗವಾಗಿರುತ್ತಾರೆ. ನಾವು ಮಾತಾಡುವಾಗ ತುಟಿ, ನಾಲಗೆ, ದವಡೆ, ಗಂಟಲು, ಉಸಿರು ಎಲ್ಲವೂ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಸಮಯದ ಲೆಕ್ಕದಲ್ಲಿ ಹೊಂದಿಕೊಳ್ಳಬೇಕು. ‘ಈಗ ಹೊರಡು’ ಎಂಬ ಸೂಚನೆ ಮಿದುಳಿನ ಒಳಗಿನಿಂದಲೇ ಬರಬೇಕು. ಉಗ್ಗುವವರ ಮಿದುಳಿನ ಚಿತ್ರಗಳನ್ನು ನೋಡಿದಾಗ, ಎಡ ಭಾಗದಲ್ಲಿ ಕೇಳಿಸಿಕೊಳ್ಳುವ ಜಾಗವನ್ನೂ ಬಾಯಿ ಆಡಿಸುವ ಜಾಗವನ್ನೂ ಜೋಡಿಸುವ ನರತಂತುಗಳಲ್ಲಿ ವ್ಯತ್ಯಾಸ ಕಂಡಿದೆ, ಮೂರು ನಾಲ್ಕು ವರ್ಷದ ಮಕ್ಕಳಲ್ಲೂ ಕಂಡಿದೆ. ಚಲನೆಗೆ ಸಮಯ ಕೊಡುವ ಮಿದುಳಿನ ಒಳಭಾಗಗಳೂ ಇದರಲ್ಲಿ ಸೇರಿವೆ. ಪಾರ್ಶ್ವವಾಯುವಿನಿಂದ ಅಂಥ ಭಾಗಗಳಿಗೆ ಪೆಟ್ಟಾದ ಕೆಲವರು ಜೀವನದಲ್ಲಿ ಮೊದಲ ಬಾರಿಗೆ ಉಗ್ಗಲು ಶುರು ಮಾಡಿದ್ದುಂಟು. ಹಾಡಿನಲ್ಲಿ, ಪಠಣದಲ್ಲಿ ಪದ ಮೊದಲೇ ಗೊತ್ತು, ಲಯ ಹೊರಗಿನಿಂದ ಸಿಗುತ್ತದೆ. ಒಳಗಿನ ಗಡಿಯಾರದ ಮೇಲಿನ ಹೊರೆ ಇಳಿಯುತ್ತದೆ. ‘ಕುರ್‌ಆನ್ ಓದಲು ಬರುತ್ತದೆ, ಮಾತಾಡಲು ಬರುವುದಿಲ್ಲವೇ, ಸುಮ್ಮನೆ ನಾಟಕ’ ಎಂದು ಚಾಚಾಗೆ ಹೇಳಿದವರಿದ್ದಾರೆ. ಅವರಿಗೆ ಇದನ್ನು ತೋರಿಸಬೇಕು.

ನಾಲಗೆಯ ಗಂಟು ಬಿಡಿಸು ಎಂದು ಮೂಸಾ ಅಲೈಹಿಸ್ಸಲಾಂ ದುಆ ಮಾಡಿದ್ದು, ಜೊತೆಗೆ ಮಾತಾಡಲು ಅಣ್ಣ ಹಾರೂನರನ್ನು ಕೇಳಿಕೊಂಡದ್ದು ನಮಗೆಲ್ಲ ಗೊತ್ತು. ಪರೀಕ್ಷೆಗೆ ಮೊದಲು ನಾವೇ ಆ ದುಆ ಓದುತ್ತೇವೆ. ಅಷ್ಟು ಓದಿಯೂ ಕ್ಲಾಸಿನಲ್ಲಿ ಉಗ್ಗುವವನನ್ನು ನೋಡಿ ನಗುವುದು ಹೇಗೋ ನನಗೆ ತಿಳಿಯದು.

ಇನ್ನು ಗದರಿಕೆಯ ವಿಷಯ. ದಾದಿಯನ್ನು ಒಬ್ಬರನ್ನೇ ದೂರುವ ಹಾಗಿಲ್ಲ. ದೊಡ್ಡ ವಿದ್ವಾಂಸರೂ ಹಾಗೇ ನಂಬಿದ್ದರು. ಅದಕ್ಕೂ ಹಿಂದೆ ತಪ್ಪು ನಾಲಗೆಯದು ಎಂದುಕೊಂಡಿದ್ದರು. 1841ರಲ್ಲಿ ಜರ್ಮನಿಯ ಡೀಫೆನ್‌ಬಾಖ್ ಎಂಬ ಶಸ್ತ್ರವೈದ್ಯರು ಉಗ್ಗುವವರ ನಾಲಗೆಯ ಒಂದು ತುಂಡನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಆಗ ಅರಿವಳಿಕೆ ಮದ್ದು ಇನ್ನೂ ಬಳಕೆಗೆ ಬಂದಿರಲಿಲ್ಲ! ಇಪ್ಪತ್ತನೇ ಶತಮಾನದಲ್ಲಿ ಆರೋಪ ನಾಲಗೆಯಿಂದ ತಾಯಿ ತಂದೆಯರ ಮೇಲೆ ಬಂತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ತಾವೇ ಉಗ್ಗುತ್ತಿದ್ದವರು. ಎಲ್ಲ ಮಕ್ಕಳೂ ಮಾತು ಕಲಿಯುವಾಗ ತಡವರಿಸುತ್ತಾರೆ, ಹೆತ್ತವರು ಅದಕ್ಕೆ ‘ಉಗ್ಗು’ ಎಂದು ಹೆಸರಿಟ್ಟು ಗಾಬರಿಪಡುವುದರಿಂದಲೇ ನಿಜವಾದ ಉಗ್ಗು ಹುಟ್ಟುತ್ತದೆ ಎಂಬುದು ಅವರ ವಾದ. 1939ರಲ್ಲಿ ಅವರ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಒಂದು ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಅವರಲ್ಲಿ ಚೆನ್ನಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳನ್ನು ಆರಿಸಿ, ನೀನು ಉಗ್ಗುತ್ತಿದ್ದೀಯ, ಸರಿಯಾಗಿ ಹೇಳಲು ಬರದಿದ್ದರೆ ಬಾಯಿ ತೆರೆಯಬೇಡ ಎಂದು ತಿಂಗಳುಗಟ್ಟಲೆ ಹೇಳಿದರು.

ಆ ಮಕ್ಕಳು ಉಗ್ಗುವವರಾಗಲಿಲ್ಲ. ಬೇರೇನೋ ಆಯಿತು. ಅವರು ಮುದುಡಿದರು, ಮಾತಾಡಲು ಹೆದರಿದರು, ಕೆಲವರಿಗೆ ಆ ಹೆದರಿಕೆ ಜೀವನಪೂರ್ತಿ ಉಳಿಯಿತು. 2001ರಲ್ಲಿ ಪತ್ರಿಕೆಯೊಂದು ಈ ಸಂಗತಿಯನ್ನು ಬಯಲಿಗೆಳೆದ ಮೇಲೆ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ ಸರ್ಕಾರ ಆರು ಮಂದಿಯ ಪರವಾಗಿ 9,25,000 ಡಾಲರ್ ಪರಿಹಾರ ಕೊಟ್ಟಿತು. ಅವರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು. ಗದರಿಕೆಯಿಂದ, ಹೀಯಾಳಿಕೆಯಿಂದ ಉಗ್ಗು ಹುಟ್ಟುವುದಿಲ್ಲ; ಹುಟ್ಟುವುದು ಮಾತಿನ ಭಯ. ಆ ಭಯ ಉಗ್ಗುವ ಮಗುವಿಗೆ ಅಂಟಿದರೆ ಉಗ್ಗು ಇನ್ನೂ ಗಟ್ಟಿಯಾಗುತ್ತದೆ. ಫೋನ್ ಎತ್ತುವಾಗ, ಹಾಜರಿ ಕೂಗುವಾಗ, ಹೊಸಬರಿಗೆ ತನ್ನ ಹೆಸರು ಹೇಳುವಾಗ ಹೆಚ್ಚು ಉಗ್ಗುವುದು ಇದಕ್ಕೇ. ಪದ ಬದಲಾಯಿಸಬಹುದು, ಹೆಸರು ಬದಲಾಯಿಸಲಾಗದು.

ನಮ್ಮಂಥ ಮನೆಗಳಿಗೆ ಇನ್ನೊಂದು ಮಾತು ಹೇಳಬೇಕು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಜೊತೆಗೆ ಅರಬಿ ಓದು. ಇಷ್ಟು ಭಾಷೆಯಿಂದ ಮಗುವಿನ ನಾಲಗೆ ಗೊಂದಲಗೊಂಡಿತು, ಉರ್ದು ಬಿಡಿಸಿ ಎಂದು ಚಾಚಿಗೆ ಯಾರೋ ಸಲಹೆ ಕೊಟ್ಟರು. ಹೆಚ್ಚು ಭಾಷೆ ಕಲಿತರೆ ಉಗ್ಗು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಗುವಿಗೆ ಅಜ್ಜಿಯ ಭಾಷೆಯನ್ನು ಬಿಡಿಸಿದರೆ ಅಜ್ಜಿಯ ಜೊತೆ ಮಾತು ನಿಲ್ಲುತ್ತದೆ ಅಷ್ಟೇ.

ಹಾಗಾದರೆ ಮಾಡಬೇಕಾದದ್ದೇನು? ಉಗ್ಗು ಬಿಡಿಸುವ ಮಾತ್ರೆ ಯಾವುದೂ ಇಲ್ಲ. ಆದರೆ ಚಿಕ್ಕ ವಯಸ್ಸಿನಲ್ಲಿ ವಾಕ್ ಚಿಕಿತ್ಸಕರ ಬಳಿ ಹೋದರೆ ಫಲ ಚೆನ್ನಾಗಿರುತ್ತದೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ‘ಲಿಡ್‌ಕೂಂಬ್’ ಎಂಬ ವಿಧಾನದಲ್ಲಿ ಚಿಕಿತ್ಸೆ ಕೊಡುವವರು ಹೆತ್ತವರೇ. ಚಿಕಿತ್ಸಕರು ವಾರಕ್ಕೊಮ್ಮೆ ಕಲಿಸಿದಂತೆ, ಮಗು ಸರಾಗವಾಗಿ ಆಡಿದ ಮಾತನ್ನು ಮನೆಯಲ್ಲಿ ಗುರುತಿಸಿ ಮೆಚ್ಚುವುದು ಅದರ ಮುಖ್ಯ ಭಾಗ. ನಾಲ್ವರಲ್ಲಿ ಮೂವರು ಸರಿಹೋಗುತ್ತಾರೆ ನಿಜ, ಆದರೆ ಆ ನಾಲ್ಕನೆಯವನು ಯಾರೆಂದು ಮೊದಲೇ ಹೇಳಲಾಗದು. ಮಗು ಗಂಡಾಗಿದ್ದರೆ, ಮನೆಯಲ್ಲಿ ದೊಡ್ಡವರಾದ ಮೇಲೂ ಉಗ್ಗುವವರಿದ್ದರೆ, ಶುರುವಾಗಿ ಆರು ತಿಂಗಳಿಂದ ಒಂದು ವರ್ಷವಾದರೂ ಹೋಗದಿದ್ದರೆ ಕಾಯುತ್ತಾ ಕೂರಬಾರದು. ಮನೆತನದ ಇತಿಹಾಸ ತಿಳಿದಿದ್ದರೆ ಆಗುವ ಲಾಭ ಇದೇ, ಬೇಗ ಎಚ್ಚೆತ್ತುಕೊಳ್ಳಬಹುದು.

ಕೇಳುವವರ ಕೆಲಸ ಇನ್ನೂ ಸುಲಭ. ‘ನಿಧಾನವಾಗಿ ಹೇಳು’, ‘ಉಸಿರೆಳೆದುಕೊಂಡು ಹೇಳು’ ಎನ್ನಬೇಡಿ. ಬಾಯಿಗೆ ಬಾರದ ಪದವನ್ನು ನೀವು ಮುಗಿಸಿಕೊಡಬೇಡಿ. ಒಮ್ಮೆ ಚಾಚಾ ಅಂಗಡಿಯಲ್ಲಿ ‘ಮ-ಮ’ ಎನ್ನುವಷ್ಟರಲ್ಲಿ ಅಂಗಡಿಯವರು ‘ಮೈದಾನಾ?’ ಎಂದು ಕಟ್ಟಿಕೊಟ್ಟರು. ಬೇಕಾಗಿದ್ದದ್ದು ಮೆಂತ್ಯ. ಚಾಚಾ ಅಲ್ಲ ಎನ್ನಲಾರದೆ ಮೈದಾ ತಂದರು. ಆ ವಾರ ನಮ್ಮ ಮನೆಯಲ್ಲಿ ಮೂರು ಸಲ ಪರೋಟ.

ದೊಡ್ಡವರಾದ ಮೇಲೂ ಉಗ್ಗುವವರು ಒಬ್ಬರಿಗೊಬ್ಬರು ಸಿಕ್ಕಿ ಮಾತಾಡುವ ಸ್ವಸಹಾಯ ಗುಂಪುಗಳು ದೇಶದ ಹಲವು ಊರುಗಳಲ್ಲಿವೆ. ‘ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್’ ಅವುಗಳನ್ನು ನಡೆಸುತ್ತದೆ. ಚಿಕಿತ್ಸೆಗೆ ನಮ್ಮ ರಾಜ್ಯದವರು ದೂರ ಹೋಗಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ಬೇರೆ ರಾಜ್ಯಗಳಿಂದ ರೈಲು ಹತ್ತಿ ಜನ ಅಲ್ಲಿಗೆ ಬರುತ್ತಾರೆ. ಚಾಚಿ ಮಗನನ್ನು ಅಲ್ಲಿ ತೋರಿಸಬೇಕೆಂದು ಹೇಳುತ್ತಿದ್ದಾರೆ. ಅಲ್ಲಿ ಮೊದಲ ದಿನವೇ ‘ಮನೆಯಲ್ಲಿ ಬೇರೆ ಯಾರಾದರೂ ಉಗ್ಗುತ್ತಾರಾ?’ ಎಂದು ಕೇಳುತ್ತಾರೆ, ಅದು ಚಿಕಿತ್ಸಕರು ಎಲ್ಲ ಕಡೆಯೂ ಕೇಳುವ ಪ್ರಶ್ನೆ. ಅದಕ್ಕೆ ಸರಿಯಾಗಿ ಉತ್ತರ ಕೊಡಬಲ್ಲವರು ಚಾಚಾ, ಹಾಗಾಗಿ ಅವರೂ ಜೊತೆಗೆ ಹೋಗಬೇಕು.